ದತ್ತೋಪಂತರ ಎಲೆ

ಮದ್ದಿನಮನಿ ಎಂಬ ಅಡ್ಡಹೆಸರನ್ನು ತ್ರ್ಯಂಬಕರಾಯರು ಐವತ್ತು ವರ್ಷ ಅಪ್ಪನ ಹಳೆಯ ಕೋಟಿನ ಹಾಗೆ ಹಾಕಿಕೊಂಡು ತಿರುಗಿದ್ದರು. ಅದರ ಒಳಜೇಬಿನಲ್ಲಿ ಚೇಳೊಂದು ಕೂತಿದೆ ಎಂದು ಅವರಿಗೆ ಗೊತ್ತಾದದ್ದು ಆ ಗುರುವಾರ ಬೆಳಿಗ್ಗೆ, ರಾಮದುರ್ಗದಿಂದ ಬೈಲಹೊಂಗಲದ ಅವರ ಮನೆಗೆ ಒಂದು ಕಾರ್ಡು ಬಂದಾಗ.

ಕಾರ್ಡು ಬರೆದವರು ಬಾಳಕೃಷ್ಣರಾವ್ ಕಟಕೋಳ. ಅವರ ಮಗನಿಗೆ ರಾಯರ ಮಗಳು ಲೀಲಾಳನ್ನು ಕೊಡುವ ಮಾತು ಮುಕ್ಕಾಲು ಪಾಲು ಮುಗಿದಿತ್ತು. ಜಾತಕ ಕೂಡಿತ್ತು, ಗೋತ್ರ ಬೇರೆ ಬೇರೆ ಇತ್ತು, ಹುಡುಗ ಬಂದು ಹುಡುಗಿಯನ್ನು ನೋಡಿ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ಹೋಗಿದ್ದ. ಆ ಭೇಟಿಯಲ್ಲಿ ಬಾಳಕೃಷ್ಣರಾಯರು ತಮ್ಮ ಮೂಲಪುರುಷ ಬಾಳಾಜಿಪಂತರಿಂದ ಹಿಡಿದು ಏಳು ತಲೆಮಾರನ್ನು ಮಗ್ಗಿಯ ಹಾಗೆ ಒಪ್ಪಿಸಿದ್ದರು. ಸೋಲಬಾರದೆಂದು ತ್ರ್ಯಂಬಕರಾಯರೂ ಒಪ್ಪಿಸಿದರು: ತಮ್ಮ ಮೂಲಪುರುಷರು ದತ್ತೋಪಂತರು, ಅವರ ಮಗ ವಿಠ್ಠಲಪಂತರು ಕಿತ್ತೂರ ಸಂಸ್ಥಾನದಲ್ಲಿ ತೋಪಿನ ಮದ್ದು ಇಡುವ ಮನೆಯ ಕಾರಕೂನರು, ಅದಕ್ಕೇ ಈ ಅಡ್ಡಹೆಸರು. ದತ್ತೋಪಂತರು ಸತ್ತ ತಿಥಿ ಯಾರಿಗೂ ಗೊತ್ತಿಲ್ಲದ್ದರಿಂದ ಮಹಾಲಯ ಅಮಾವಾಸ್ಯೆಗೆ ಅವರ ಹೆಸರಿನಲ್ಲಿ ಒಂದು ಎಲೆ, ಅಷ್ಟೇ ಅಲ್ಲ, ಮನೆಯ ಯಾವ ಶುಭಕಾರ್ಯಕ್ಕೂ ಮೊದಲ ಎಲೆ ಅವರದೇ ಎಂದು ಹೆಮ್ಮೆಯಿಂದ ಹೇಳಿದ್ದರು.

ಹೇಳಿದ್ದೇ ತಪ್ಪಾಯಿತು. ಕಿತ್ತೂರ ಯುದ್ಧಕ್ಕೆ ನೂರೈವತ್ತು ತುಂಬಿದ ವರ್ಷ ಅದು. ಊರ ಕಟ್ಟೆಗಳ ಮೇಲೆಲ್ಲ ಒಂದೇ ಮಾತು: ಮದ್ದಿನಲ್ಲಿ ಹೆಂಡಿ, ಎಂದರೆ ದನದ ಸಗಣಿ, ಬೆರೆಸಿ ರಾಣಿಗೆ ದ್ರೋಹ ಮಾಡಿದವರು ಯಾರು? ಆ ಮಾತು ರಾಮದುರ್ಗದ ಕಟ್ಟೆಗೂ ಮುಟ್ಟಿತ್ತು. ಕಾರ್ಡಿನಲ್ಲಿ ಹೀಗಿತ್ತು:

'ನಿಮ್ಮ ಹಿರಿಯರು ಮದ್ದಿನ ಮನೆಯಲ್ಲಿ ಇದ್ದವರೆಂದು ತಾವೇ ಅಂದಿರಿ. ಹೆಂಡಿ ಬೆರೆಸಿದ ಮನೆತನದ ಹೆಣ್ಣು ತರಲು ನಮ್ಮವರು ಅಂಜುತ್ತಾರೆ. ಗುರುವಾರ ಸಂಜೆ ಬರುತ್ತೇವೆ. ಲಿಖಿತ ಪುರಾವೆ ತೋರಿಸಿದರೆ ಅಲ್ಲಿಯೇ ಯಾದಿ ಮಾಡೋಣ. ಇಲ್ಲವಾದರೆ ದೇವರ ಇಚ್ಛೆ.'

ಯಾದಿ ಎಂದರೆ ಎರಡೂ ಮನೆಯವರ ಹೆಸರು, ಮನೆತನ, ಮಾತುಕತೆ ಎಲ್ಲ ಬರೆದು, ಅರಿಶಿನ ಕುಂಕುಮ ಹಚ್ಚಿ, ಮದುವೆ ಗಟ್ಟಿ ಮಾಡುವ ಕಾಗದ. ಈ ಕಾರ್ಡು ಹೋದ ವಾರ ಬರೆದದ್ದು, ಬಂದದ್ದು ಗುರುವಾರವೇ. ಲೀಲಾಳಿಗೆ ಬಂದ ಮೂರನೆಯ ಗಂಡು ಇದು. ಮೊದಲಿನ ಎರಡು ಮೀನಿನ ಹಾಗೆ ಜಾರಿ ಹೋಗಿದ್ದವು. ಆಗೆಲ್ಲ ಹುಡುಗಿ ಏನೂ ಅಂದಿರಲಿಲ್ಲ. ಈ ಸಲ ಮಾತ್ರ ಹುಡುಗನ ಫೋಟೋ ಅವಳ ಕಸೂತಿ ಡಬ್ಬಿಯ ತಳಕ್ಕೆ ಸೇರಿತ್ತು. ಅದನ್ನು ಅವಳ ತಾಯಿ ಶಾಂತಾಬಾಯಿ ದಾರ ಹುಡುಕುವಾಗ ನೋಡಿ, ನೋಡದವರಂತೆ ಮುಚ್ಚಿಟ್ಟಿದ್ದರು.

ಹೆಂಡಿಯ ಸುದ್ದಿ ಹೆಂಡತಿಗೆ ಹೇಳಿ ಯಾಕೆ ನೋಯಿಸಬೇಕೆಂದು ರಾಯರು ಕಾರ್ಡನ್ನು ಕೋಟಿನೊಳಗೆ ತುರುಕಿದರು. ಸಂಜೆಗೆ ಬೀಗರು ಬರುತ್ತಾರೆ, ಯಾದಿಯಂತೆ, ಹೋಳಿಗೆ ಆಗಲಿ ಎಂದಷ್ಟೇ ಹೇಳಿ ಅಟ್ಟ ಹತ್ತಿದರು.

ಶಾಂತಾಬಾಯಿ ಕಡಲೆಬೇಳೆ ಆರಿಸುತ್ತ ಕೆಳಗಿನಿಂದ ಕೇಳಿದರು: "ಯಾದಿ ಅಂದ್ರ ಮಾರಿ ಯಾಕ ಸುಟ್ಟ ಬದನಿಕಾಯಿ ಆಗೇದ? ಖರೇ ಹೇಳ್ರಿ. ಹುಡುಗಗ ಏನರ ಐಬು ಅದ ಏನು?"

"ಏನೂ ಇಲ್ಲ. ಹಳೇ ದಫ್ತರ ಒಂದಿಷ್ಟು ನೋಡೂದದ."

"ಯಾವ ದಫ್ತರ?"

"ಲಗ್ನದ್ದೂ ಅವ, ಫೌಜಿಂದೂ ಅವ. ಎಲ್ಲಾ ಮೋಡಿ. ಸವದತ್ತಿಯೊಳಗ ಮೋಡಿ ಬಲ್ಲವರೊಬ್ಬರು ಇದ್ದಾರ, ಪಾಂಡುರಂಗಭಟ್ಟರು ಅಂತ. ಕರಕೊಂಡಽ ಬರತೇನಿ."

ಶಾಂತಾಬಾಯಿ ಬೇಳೆಯಲ್ಲಿನ ಕಲ್ಲನ್ನು ಹೊರಗೆ ಎಸೆದರು, ಸಂಶಯವನ್ನು ಒಳಗೇ ಇಟ್ಟುಕೊಂಡರು. ಹುಡುಗನಲ್ಲಿ ಐಬು ಇಲ್ಲದೆ ಗಂಡಸು ಹಬ್ಬವಿಲ್ಲದ ದಿನ ಅಟ್ಟ ಹತ್ತುವುದಿಲ್ಲ.

ಗೋಡೆಯ ಆಚೆ ಕಟ್ಟಿಗೆ ಒಟ್ಟುತ್ತಿದ್ದ ನೆರೆಮನೆಯ ಸಿದ್ದಲಿಂಗವ್ವನ ಕಿವಿ ಆ ಮನೆಯ ಬೆಕ್ಕಿಗಿಂತ ಚುರುಕು. ಮೋಡಿ ಎಂಬುದು ಮರಾಠಿಯ ಹಳೆಯ ಬರಹ ಎಂದು ಆಕೆಗೆ ಯಾರು ಹೇಳಬೇಕು? ಆಕೆಗೆ ಗೊತ್ತಿದ್ದ ಮೋಡಿ ಒಂದೇ, ಲಿಂಬೆಹಣ್ಣು ಕೊಯ್ದು ಮಾಡುವಂಥದ್ದು. ಮದ್ದಿನಮನಿಯವರು ಮೋಡಿ ಬಲ್ಲವನನ್ನು ಕರೆತರುತ್ತಾರೆ, ಅದೂ ಬೀಗರು ಬರುವ ದಿನ. ಮದ್ದು, ಮೋಡಿ, ಹೋಳಿಗೆ. ಮೂರೂ ಕೂಡಿದರೆ ಏನಾಗುತ್ತದೆ ಎಂದು ತಿಳಿಯದಷ್ಟು ಸಣ್ಣ ಮಗುವಲ್ಲ ಸಿದ್ದಲಿಂಗವ್ವ. ಪಾಪ, ರಾಮದುರ್ಗದವರಿಗೆ ಯಾರಾದರೂ ಒಂದು ಮಾತು ಹೇಳಬೇಕಲ್ಲ ಎಂದು ಆಕೆ ಕಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದಳು.

ರಾಯರು ತಾವು ಚಿತ್ರ ಕಲಿಸುವ ಶಾಲೆಗೆ ರಜೆಯ ಚೀಟಿ ಕಳಿಸಿ, ಕೆಂಪು ಬಟ್ಟೆಯ ದಫ್ತರವನ್ನು ಕಂಕುಳಲ್ಲಿ ಇರುಕಿಕೊಂಡು ಸವದತ್ತಿ ಬಸ್ಸು ಹತ್ತಿದರು. ಹಿಂದಿನ ಸೀಟಿನಲ್ಲಿ ಶಂಕರೆಪ್ಪ ಕೂತಿದ್ದ. ರಾಯರ ನಾಲ್ಕು ಎಕರೆ ಹೊಲವನ್ನು ಅಪ್ಪನ ಕಾಲದಿಂದ ಲಾವಣಿಗೆ, ಎಂದರೆ ಗೇಣಿಗೆ, ಮಾಡುತ್ತ ಬಂದವನು. ಉಳುವವನಿಗೇ ಹೊಲ ಎಂಬ ಕಾಯಿದೆ ಅದೇ ವರ್ಷ ಬಂದು, ಒಡೆಯರು ಉಳುವವರನ್ನೂ ಉಳುವವರು ಒಡೆಯರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದ ಕಾಲ. ಕಂಕುಳಲ್ಲಿ ದಫ್ತರ ಕಂಡದ್ದೇ ಶಂಕರೆಪ್ಪನ ಎದೆಯಲ್ಲಿ ಕೊಡಲಿ ಬಿದ್ದ ಹಾಗಾಯಿತು. ಅವನು ಯರಗಟ್ಟಿಗೆ ಎತ್ತು ನೋಡಲು ಹೊರಟವನು.

"ಎಲ್ಲಿಗೆ ಹೊಂಟೀರಿ ರಾಯರ? ದೇವಿ ಗುಡ್ಡಕ್ಕೇನ್ರಿ?"

"ಇಲ್ಲಪಾ. ಒಂದಿಷ್ಟು ಹಳೇ ಕಾಗದಾ ಓದಸೂದಿತ್ತು."

ಶಂಕರೆಪ್ಪ ದಫ್ತರವನ್ನು ಇನ್ನೊಮ್ಮೆ ನೋಡಿದ. "ಹಳೇ ಕಾಗದಾ ಹಳೇ ಹಾವಿದ್ದಂಗ ರಾಯರ. ಹುತ್ತಿನ್ಯಾಗ ಇದ್ರನ ಛಲೋ."

ಯರಗಟ್ಟಿ ಬಂತು, ಹೋಯಿತು. ಶಂಕರೆಪ್ಪ ಇಳಿಯಲಿಲ್ಲ. ಎತ್ತು ನಾಳೆಯೂ ಸಿಗುತ್ತದೆ.

ಪಾಂಡುರಂಗಭಟ್ಟರು ಸವದತ್ತಿಯ ಕೋಟೆಯ ಹಿಂದಿನ ಓಣಿಯಲ್ಲಿದ್ದರು. ಎಂಬತ್ತು ದಾಟಿದ ಮುದುಕರು. ಎದೆಯ ಮಟ್ಟ ಬಿಳಿ ಗಡ್ಡ, ಒಂದು ಕಿವಿಗೆ ದಾರ ಕಟ್ಟಿದ ಕನ್ನಡಕ. ಸಂಸ್ಥಾನದ ಕಾಲದಲ್ಲಿ ದಫ್ತರಖಾನೆಯಲ್ಲಿ ಕೆಲಸ ಮಾಡಿದವರು. ಬಾಗಿಲು ಅರ್ಧ ತೆರೆದು, ಪಾಲಿನ ಕಾಗದವಾದರೆ ನಾನು ಓದುವುದಿಲ್ಲ, ಇನಾಮಿನ ಕಾಗದವಾದರೆ ಸಾಕ್ಷಿ ಹೇಳುವುದಿಲ್ಲ, ಎಂದು ಮೊದಲೇ ತಿಳಿಸಿದರು. ರಾಯರು ಎಲ್ಲ ಕತೆ ಹೇಳಿದ ಮೇಲೆ ಬಾಗಿಲು ಪೂರ್ತಿ ತೆರೆಯಿತು.

"ಮೋಡಿ ಓದಲಿಕ್ಕೆ ಕಣ್ಣು ಬ್ಯಾಡ್ರಿ, ಸಂಶಯ ಬೇಕು," ಎಂದರು ಭಟ್ಟರು, ಗಂಟು ಬಿಚ್ಚುತ್ತ. "ಬರಿಯಾಂವ ಲೇಖಣಿ ಎತ್ತಂಗಿಲ್ಲ, ಒಂದಽ ಸವನ ಎಳಕೋತ ಹೋಗ್ತಾನ. ಇದು ಅಪ್ಪನೋ ಆಪತ್ತೋ ಅಂತ ಅಕ್ಷರಕ್ಕೊಮ್ಮೆ ಕೇಳ್ಕೋಬೇಕು."

ಮೊದಲು ಸಿಕ್ಕದ್ದು ಕಿತ್ತೂರ ಫೌಜಿನ ಹಾಜರಿ ಪಟ್ಟಿ. ಭಟ್ಟರು ಅದನ್ನು ಮೂಗಿಗೆ ತಗುಲುವಷ್ಟು ಹತ್ತಿರ ಹಿಡಿದು, ಸಿಪಾಯಿಗಳನ್ನೂ ತೋಪು ಹಾರಿಸುವ ಗೋಲಂದಾಜರನ್ನೂ ದಾಟಿ, ಒಂದು ಸಾಲಿನ ಮೇಲೆ ಉಗುರು ಊರಿದರು.

"ವಿಠ್ಠಲ ದತ್ತ. ಕಾರಕೂನ, ಮದ್ದಿನ ಮನಿ. ಮಾರ್ಗಶೀರ್ಷ ಶುದ್ಧ ಪಾಡ್ಯದಿಂದ ಹುಣ್ಣಿವಿತನಾ ಗೈರಹಾಜರ. ಕಾರಣ, ಲಗ್ನ."

ರಾಯರಿಗೆ ಭಟ್ಟರ ಗಡ್ಡಕ್ಕೆ ಮುತ್ತು ಕೊಡುವಷ್ಟು ಸಂತೋಷವಾಯಿತು. ಹೆಂಡಿ ಬೆರೆಸಿದರೆಂದು ಜನ ಹೇಳುವ ದಿನಗಳೆಲ್ಲ ಆ ಹದಿನೈದರೊಳಗೇ ಬಂದವು. ತಮ್ಮ ವಿಠ್ಠಲಪಂತರು ಆಗ ಕಿತ್ತೂರಲ್ಲೇ ಇರಲಿಲ್ಲ!

"ಯಾರ ಲಗ್ನ ಅಂತ ಬರದಿಲ್ಲ," ಎಂದು ಭಟ್ಟರು ತಣ್ಣೀರು ಎರಚಿದರು. "ಇನ್ನೊಬ್ಬರ ಲಗ್ನಕ್ಕ ಹದಿನೈದು ದಿನಾ ರಜಾ ಅಂದ್ರ ನಿಮ್ಮ ಬೀಗರು ನಂಬಂಗಿಲ್ಲ. ನಾನೂ ನಂಬಂಗಿಲ್ಲ. ಅವರಽ ಲಗ್ನದ ಯಾದಿ ಬೇಕು."

ಯಾದಿಯೂ ಗಂಟಿನಲ್ಲೇ ಇತ್ತು. ಆದರೆ ನೂರೈವತ್ತು ವರ್ಷದ ಅರಿಶಿನ, ಕುಂಕುಮ, ಎಣ್ಣೆ ಕೂಡಿ ಅದರ ಮಡಿಕೆಗಳು ಹಪ್ಪಳದ ಹಾಗೆ ಅಂಟಿಕೊಂಡಿದ್ದವು. ಹಬೆ ತೋರಿಸಿ ಬಿಡಿಸಬೇಕು, ತಮ್ಮ ಮನೆಯಲ್ಲಿ ಬೆಳಿಗ್ಗೆಯೇ ಒಲೆ ಆರಿತು ಎಂದರು ಭಟ್ಟರು. ತಮ್ಮ ಮನೆಯಲ್ಲಿ ಸಂಜೆ ಹೂರಣಕ್ಕೆ ಬೇಳೆ ಬೇಯುತ್ತದೆ ಎಂದು ರಾಯರ ಬಾಯಿಂದ ಬಂದದ್ದೇ ತಡ, ಮುದುಕರು ಕೋಲು ಹಿಡಿದು ಹೊಸ್ತಿಲ ಹೊರಗೆ ನಿಂತಿದ್ದರು.

ಕಿಟಕಿಯ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದ ಶಂಕರೆಪ್ಪನಿಗೆ ಕೇಳಿದ್ದು ಎರಡೇ ಶಬ್ದ: ಕಾರಕೂನ, ಗೈರಹಾಜರ. ಅವನಿಗೆ ಅಷ್ಟು ಸಾಕಾಯಿತು. ಕಚೇರಿಯ ಕಾರಕೂನನನ್ನು ಕೈಯಲ್ಲಿ ಹಾಕಿಕೊಂಡು, ಹೊಲದ ವಿಚಾರಣೆಯ ದಿನ ತನ್ನನ್ನು ಗೈರಹಾಜರ ಬರೆಸಲು ರಾಯರು ಹೊಂಚು ಹಾಕಿದ್ದಾರೆ. ಗಡ್ಡದ ಮುದುಕ ದೊಡ್ಡ ವಕೀಲನೇ ಇರಬೇಕು. ಅವನೂ ಅದೇ ಬಸ್ಸಿಗೆ ಮರಳಿದ.

ಬಸ್ಸಿನ ಗಾಲಿ ನಡುದಾರಿಯಲ್ಲಿ ಉಸಿರು ಬಿಟ್ಟಿತು. ಅವರು ಬೈಲಹೊಂಗಲ ಮುಟ್ಟಿದಾಗ ಹೊತ್ತು ಇಳಿದಿತ್ತು, ರಾಮದುರ್ಗದವರು ಆಗಲೇ ಬಂದು ಮುಟ್ಟಿದ್ದರು. ಬಸ್ ಸ್ಟ್ಯಾಂಡಿನಿಂದ ಅವರಿಗೆ ದಾರಿ ತೋರಿಸಿ ಕರೆತಂದವಳು ಸಿದ್ದಲಿಂಗವ್ವ. ದಾರಿಯುದ್ದಕ್ಕೂ ಏನೇನು ತೋರಿಸಿದಳೋ, ಬಾಳಕೃಷ್ಣರಾಯರು ಜಮಖಾನೆಯ ತುದಿಯಲ್ಲಿ ಚಪ್ಪಲಿಗೆ ಹತ್ತಿರವಾಗಿ ಕೂತಿದ್ದರು. ಅವರ ಹೆಂಡತಿ ಸುಂದರಾಬಾಯಿ ತಾವು ತಂದ ತಂಬಿಗೆಯ ನೀರನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು. ಮುಂದಿಟ್ಟ ಚಹಾ ಕೆನೆಗಟ್ಟಿತ್ತು. ಅವಲಕ್ಕಿಯನ್ನು ಯಾರೂ ಮುಟ್ಟಿರಲಿಲ್ಲ.

ಬೀಗರು ಹನಿ ನೀರೂ ಕುಡಿಯದ್ದನ್ನು ನೋಡಿ ಶಾಂತಾಬಾಯಿಯ ಸಂಶಯ ಗಟ್ಟಿಯಾಯಿತು. ಮನಸ್ಸಿನಲ್ಲಿ ಕಳ್ಳ ಇದ್ದವರಿಗೆ ತುತ್ತು ಇಳಿಯುವುದಿಲ್ಲ. ಮಗಳ ಬಾಳಿನ ಪ್ರಶ್ನೆ, ಆಕೆ ಸುತ್ತುಬಳಸಲಿಲ್ಲ.

"ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಹುಡುಗಗ ಫಿಟ್ಸ್ ಬರ್ತಾವೇನ್ರಿ?"

ಸುಂದರಾಬಾಯಿಯ ತಂಬಿಗೆ ತುಳುಕಿತು. "ಇನ್ನೂತನಾ ಇಲ್ರಿ. ಇಲ್ಲಿ ಉಂಡ ಮ್ಯಾಲ ಗೊತ್ತಿಲ್ಲ."

ಆ ಹೊತ್ತಿಗೇ ರಾಯರು, ಅವರ ಹಿಂದೆ ಎದೆಮಟ್ಟ ಗಡ್ಡದ ಭಟ್ಟರು ಒಳಗೆ ಕಾಲಿಟ್ಟದ್ದು. ಗಡ್ಡ ನೋಡಿದ ಕೂಡಲೇ ಬಾಳಕೃಷ್ಣರಾಯರ ಕೈ ಜನಿವಾರಕ್ಕೆ ಹೋಯಿತು. ಭಟ್ಟರು ಯಾರನ್ನೂ ಮಾತಾಡಿಸದೆ ನೇರ ಅಡಿಗೆಮನೆಗೆ ನಡೆದು, ಕುದಿಯುವ ಪಾತೇಲಿಯ ಮೇಲೆ ಕುಂಕುಮ ಹತ್ತಿದ ಕಾಗದ ಹಿಡಿದು, ಬಾಯಲ್ಲಿ ಏನೋ ಗೊಣಗುತ್ತ ಹಬೆ ತೋರಿಸತೊಡಗಿದರು. ಅವರು ಗೊಣಗಿದ್ದು ಬೇಳೆ ಇನ್ನೂ ಗಟ್ಟಿಯಿದೆ ಎಂದು. ಬಾಗಿಲಲ್ಲಿ ನಿಂತ ಸಿದ್ದಲಿಂಗವ್ವ ಸುಂದರಾಬಾಯಿಯ ಕಡೆ ತಿರುಗಿ, ನಾ ಹೇಳಿರಲಿಲ್ಲವೇ ಎಂಬಂತೆ ಹುಬ್ಬು ಏರಿಸಿದಳು.

ಸುಂದರಾಬಾಯಿ ಎದ್ದೇ ಬಿಟ್ಟರು. ರಾಯರು ಕೈ ಮುಗಿದು ಅಡ್ಡ ನಿಂತರು. ಹಳೆಯ ಬರಹಕ್ಕೆ ಮೋಡಿ ಅನ್ನುತ್ತಾರೆ, ಇದು ನೀವೇ ಕೇಳಿದ ಪುರಾವೆ, ಒಂದು ಗಳಿಗೆ ಕೂತುಕೊಳ್ಳಿ ಎಂದು ಅಂಗಲಾಚಿದರು. ಕಾರ್ಡೂ ಹೊರಗೆ ಬಂತು. ಅದನ್ನು ಓದಿ ಶಾಂತಾಬಾಯಿ ಗಂಡನನ್ನು ನೋಡಿದ ನೋಟಕ್ಕೆ ಬೇಳೆ ತಾನೇ ಬೆಂದುಹೋಯಿತು.

ಕಾಗದ ಬಿಚ್ಚಿಕೊಂಡಿತು. ಭಟ್ಟರು ಕಂದೀಲಿನ ಬಳಿ ಕೂತು ಹಾಜರಿ ಪಟ್ಟಿಯನ್ನು ಓದಿ ಹೇಳಿದರು, ಆಮೇಲೆ ಯಾದಿಯನ್ನು ಎತ್ತಿಕೊಂಡರು. ಶಕೆ ಹದಿನೇಳುನೂರಾ ನಲವತ್ತಾರು, ತಾರಣ ಸಂವತ್ಸರ, ಮಾರ್ಗಶೀರ್ಷ ಶುದ್ಧ ಪಂಚಮಿ. ವಧು ತೊರಗಲ್ಲಿನವಳು. ವರ ಕಿತ್ತೂರ ಮದ್ದಿನ ಮನೆಯ ಕಾರಕೂನ ವಿಠ್ಠಲ. ಮದುವೆಯ ಊಟಕ್ಕೆ ಸಕ್ಕರೆ ತುಂಬಿದ ತೆಳು ಮಾಂಡೆ ನೂರೊಂದು.

ಬಾಳಕೃಷ್ಣರಾಯರು ಬೆರಳೆಣಿಸಿ ತಿಥಿ ಕೂಡಿಸಿದರು. ಅವರ ಮುಖ ಮೆಲ್ಲಗೆ ಅರಳಿತು. "ಅಂದ್ರ ಅಲ್ಲೆ ಮದ್ದಿನ್ಯಾಗ ಹೆಂಡಿ ಬೀಳೂ ಹೊತ್ತಿನ್ಯಾಗ ನಿಮ್ಮ ಹಿರಿಯರು ತೊರಗಲ್ಲಿನ್ಯಾಗ ಮಾಂಡೆ ತಿನಕೋತ ಕೂತಿದ್ರು."

"ಹೌದ್ರಿ," ಎಂದರು ರಾಯರು. ಹಿರಿಯರು ಯುದ್ಧ ತಪ್ಪಿಸಿಕೊಂಡದ್ದಕ್ಕೆ ಇಷ್ಟು ಹೆಮ್ಮೆಪಟ್ಟ ವಂಶಜ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಬಾಳಕೃಷ್ಣರಾಯರು ಜಮಖಾನೆಯ ನಡುವಿಗೆ ಸರಿದರು. ಆರಿದ ಚಹಾವನ್ನೂ ಎತ್ತಿ ಕುಡಿದರು. ಕುಂಕುಮದ ಭರಣಿ ಬಂತು, ಹೊಸ ಯಾದಿಗೆ ಬಿಳಿ ಕಾಗದ ಬಂತು. ಒಳಗೆ ಎಲೆ ಹಾಕಿದ ಸದ್ದು. ಪದ್ಧತಿಯಂತೆ ಮೂಲೆಯಲ್ಲಿ ದತ್ತೋಪಂತರ ಎಲೆ ಮೊದಲು ಬಿತ್ತು, ಅದರ ಮೇಲೆ ಮೊದಲ ಹೋಳಿಗೆ. ಬಾಗಿಲ ಸಂದಿಯಲ್ಲಿ ಲೀಲಾಳ ಹಸಿರು ಬಳೆ ಒಮ್ಮೆ ಮಿನುಗಿ ಮರೆಯಾಯಿತು.

"ತಡೀರಿ," ಎಂದರು ಪಾಂಡುರಂಗಭಟ್ಟರು. "ಇನ್ನೊಂದು ಸಾಲು ಅದ."

"ಇರ್ಲಿ ಬಿಡ್ರಿ, ಹೋಳಿಗಿ ಆರತಾವ," ಎಂದರು ರಾಯರು.

ಆದರೆ ಭಟ್ಟರು ದಫ್ತರಖಾನೆಯ ಮನುಷ್ಯ. ಸಾಲು ಉಳಿಸಿ ಉಂಡವರಲ್ಲ. ಉಗುರು ಊರಿ, ಕನ್ನಡಕ ಏರಿಸಿ, ತುಟಿಯಲ್ಲೇ ಎರಡು ಸಲ ಓದಿ, ಆಮೇಲೆ ಕೇಳಿದರು: "ನಿಮ್ಮ ಮೂಲಪುರುಷರ ಹೆಸರು ಏನಂದ್ರಿ?"

"ದತ್ತೋಪಂತರು. ವಿಠ್ಠಲ ದತ್ತ ಅಂತ ನೀವಽ ಓದಿದ್ರಲ್ಲಾ. ದತ್ತನ ಮಗ ವಿಠ್ಠಲ."

"ದತ್ತನ ಮಗ ಅಲ್ರಿ. ಮಗನಽ ದತ್ತ." ಭಟ್ಟರು ಕಾಗದವನ್ನು ದೀಪಕ್ಕೆ ಹಿಡಿದರು. "ಇಲ್ಲೆ ಬಿಡಿಸಿ ಬರದಾರ. ವಿಠ್ಠಲ, ನರಸೋಪಂತರಿಗೆ ದತ್ತಕ ಬಂದ ಮಗ. ದತ್ತ ಅನ್ನೂದು ಹೆಸರಲ್ಲ, ದತ್ತು ಅಂತ ತೋರಸಲಿಕ್ಕೆ ಹಾಕಿದ ಗುರ್ತು."

"ಹಂಗಾರ ನಮ್ಮ ದತ್ತೋಪಂತರು?"

"ಹುಟ್ಟೇ ಇಲ್ಲ."

ಮೂಲೆಯ ಎಲೆಯ ಮೇಲೆ ಹೋಳಿಗೆ ಒಂಟಿಯಾಗಿ ಹೊಗೆಯಾಡುತ್ತಿತ್ತು. ನೂರೈವತ್ತು ವರ್ಷ ಇಲ್ಲದ ಮನುಷ್ಯನಿಗೆ ಎಲೆ ಹಾಕುತ್ತ ಬಂದ ಮನೆತನದವರು ಅದನ್ನೇ ನೋಡುತ್ತ ನಿಂತರು.

"ಹುಟ್ಟಿಸಿದ ತಂದಿ ಹೆಸರೂ ಅದ," ಎಂದು ಭಟ್ಟರು ಮುಂದುವರಿಸಿದರು. "ಜನಕ ತಂದಿ, ಬಾಳಾಜಿಪಂತ ಕಟಕೋಳ. ಮುಕ್ಕಾಂ ರಾಮದುರ್ಗ."

ಬಾಳಕೃಷ್ಣರಾಯರ ಕೈಯಲ್ಲಿದ್ದ ಕುಂಕುಮದ ಚಿಟಿಕೆ ಅವರದೇ ಧೋತರದ ಮೇಲೆ ಉದುರಿತು. ಬಾಳಾಜಿಪಂತರ ಒಬ್ಬ ಮಗನ ವಂಶ ತಾವು. ಇನ್ನೊಬ್ಬ ಮಗ ಸಣ್ಣವನಿದ್ದಾಗಲೇ ಎಲ್ಲಿಗೋ ಹೋದ, ಆ ಎಳೆ ಹರಿಯಿತು ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಹರಿದಿರಲಿಲ್ಲ. ಬೈಲಹೊಂಗಲದಲ್ಲಿ ಚಿತ್ರ ಕಲಿಸುತ್ತಿತ್ತು. ಒಂದೇ ರಕ್ತ. ದತ್ತು ಹೋದವರ ಮಕ್ಕಳಿಗೆ ಹೋದ ಮನೆಯ ಗೋತ್ರದ ಜೊತೆ ಹುಟ್ಟಿದ ಮನೆಯ ಗೋತ್ರವೂ ವರ್ಜ್ಯ. ಹುಡುಗ ಹುಡುಗಿ ಅಣ್ಣ ತಂಗಿಯಾದರು.

ಬಸ್ಸಿನಿಂದ ಅವರ ಬೆನ್ನು ಹತ್ತಿ ಬಂದು ಹೊರಬಾಗಿಲಲ್ಲಿ ನಿಂತಿದ್ದ ಶಂಕರೆಪ್ಪನ ದನಿ ಬಂತು.

"ಅಂದ್ರ ಇದು ಹೊಲದ ಕಾಗದಾ ಅಲ್ಲೇನ್ರಿ?"

ಅಲ್ಲ ಎಂದು ರಾಯರು ತಲೆಯಾಡಿಸಿದರು. ಶಂಕರೆಪ್ಪ ರುಮಾಲು ತೆಗೆದು ಬೆವರು ಒರೆಸಿಕೊಂಡ. "ನಿಮ್ಮ ಮ್ಯಾಲ ಸುಳ್ಳ ಸಂಶೆ ಮಾಡಿದ್ನ್ರಿ ರಾಯರ, ತಪ್ಪಾತು. ಹೊಲಾ ನನಗ ಬರ್ಲಿ ಅಂತ ಹೋದ ವಾರನ ಅರ್ಜಿ ಕೊಟ್ಟೇನಿ. ಹೇಳಾಕ ಮಾರಿ ಆಗಿರಲಿಲ್ಲ."

ರಾಯರು ಅದಕ್ಕೂ ತಲೆಯಾಡಿಸಿದರು. ಹೊಡೆತ ತಿಂದ ಎತ್ತಿಗೆ ನೊಣ ಕೂತದ್ದು ತಿಳಿಯುವುದಿಲ್ಲ.

ಲೀಲಾ ತುಪ್ಪದ ಬಟ್ಟಲು ಹಿಡಿದು ಹೊರಗೆ ಬಂದಳು. ಕಣ್ಣಂಚು ಕೆಂಪಾಗಿತ್ತು, ಒಲೆಯ ಹೊಗೆಗೆ ಎಂದು ಎಲ್ಲರೂ ಅಂದುಕೊಳ್ಳಲಿ ಎಂದು ಸೆರಗಿನಿಂದ ಒರೆಸಿಕೊಂಡಳು. "ಅಪ್ಪಾ," ಎಂದಳು ಮೆಲ್ಲಗೆ, "ಒಂದು ಸಾಲು ಬಿಟ್ಟು ಓದಸಿದ್ರ ಆಗ್ತಿದ್ದಿಲ್ಲೇನು?"

ಶಾಂತಾಬಾಯಿ ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡು, ಅವಳ ಬೆನ್ನ ಮೇಲೆ ಒಂದು ಗಳಿಗೆ ಅಂಗೈ ಇಟ್ಟರು.

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಬಾಳಕೃಷ್ಣರಾಯರು. ನೂರೈವತ್ತು ವರ್ಷಕ್ಕೆ ಒಂದೇ ವಂಶದ ಭಾವಬಂದ ಸಿಕ್ಕಿದ್ದಾನೆ. ಅವರು ಎದ್ದು ರಾಯರನ್ನು ಬಿಗಿಯಾಗಿ ತಬ್ಬಿಕೊಂಡರು. ನಮ್ಮದೇ ಮನೆಯ ಊಟಕ್ಕೆ ಎಂಥ ಸಂಶಯ ಎನ್ನುತ್ತ ಒಳಗೆ ನಡೆದು, ಮೂಲೆಯಲ್ಲಿ ಬಡಿಸಿ ತಯಾರಿದ್ದ ದತ್ತೋಪಂತರ ಎಲೆಯ ಮುಂದೆ ಕೂತರು. ಏಳು ಹೋಳಿಗೆ ಹೋದವು. ಪಕ್ಕದಲ್ಲಿ ಭಟ್ಟರದು ಒಂಬತ್ತು. ಸುಂದರಾಬಾಯಿ ತಂಬಿಗೆಯ ನೀರನ್ನು ತುಳಸಿಗೆ ಸುರಿದು ಈ ಮನೆಯ ಕೊಡದ ನೀರು ಕುಡಿದರು. ಅದನ್ನು ಕಣ್ಣಾರೆ ಕಂಡ ಸಿದ್ದಲಿಂಗವ್ವ, ಮೋಡಿ ಹತ್ತಿತು ನೋಡು ಎಂದು ಸುದ್ದಿ ಹಂಚಲು ಓಣಿಗೆ ಹೊರಟಳು.

ರಾಮದುರ್ಗದ ಕೊನೆಯ ಬಸ್ಸಿಗೆ ರಾಯರೇ ಅವರನ್ನು ಕಳಿಸಲು ಹೋದರು. ಬಸ್ಸು ಹೊರಡುವಾಗ ಬಾಳಕೃಷ್ಣರಾಯರು ಕಿಟಕಿಯಿಂದ ಕೈ ಚಾಚಿ, ಮಡಿಚಿದ ಕಾಗದವೊಂದನ್ನು ರಾಯರ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು. ಮಗನ ಜಾತಕ.

"ಇನ್ನ ನನಗ ಚಿಂತಿ ಇಲ್ಲ. ಹುಡುಗಗ ನೀವು ಕಾಕಾ ಆದ್ರಿ. ಬೈಲಹೊಂಗಲ ಕಡೆ ಒಂದು ಛಲೋ ಹೆಣ್ಣು ನೋಡೂ ಜವಾಬ್ದಾರಿ ನಿಮ್ಮದು. ಒಂದಽ ಮಾತು, ಮನಿತನದ ಕಾಗದಾ ಮಾತ್ರ ಪೂರಾ ಓದಸ್ರಿ."

ಬಸ್ಸು ಧೂಳೆಬ್ಬಿಸಿ ಹೋಯಿತು. ಬೆಳಿಗ್ಗೆ ಒಂದು ಜಾತಕ ದಡ ಸೇರಿಸಲು ಹೊರಟಿದ್ದ ತ್ರ್ಯಂಬಕರಾಯರು, ಕೋಟಿನ ಎಡಜೇಬಿನಲ್ಲಿ ಮರಳಿ ಬಂದ ಮಗಳದನ್ನೂ ಬಲಜೇಬಿನಲ್ಲಿ ಅಣ್ಣನ ಮಗನದನ್ನೂ ಇಟ್ಟುಕೊಂಡು ಮನೆಯ ಕಡೆ ಕಾಲೆಳೆದರು.